ಮೋರಿ ಕುಸಿದರೆ ದಿಲ್ಲಿಗೆ ಹೇಳಿ

ಆಷಾಢದ ಮಳೆಗೆ ನಮ್ಮೂರ ಮೋರಿ ಕುಸಿಯಿತು. ದೊಡ್ಡದೇನಲ್ಲ. ಎರಡು ಸಿಮೆಂಟ್ ಪೈಪು, ಮೇಲೆ ಒಂದಿಷ್ಟು ಕಲ್ಲು ಮಣ್ಣು. ಆದರೆ ಅದರಾಚೆ ಹನ್ನೊಂದು ಮನೆ ಇದೆ. ಹಾಲಿನ ಕ್ಯಾನು, ಶಾಲೆ ಮಕ್ಕಳು, ಗೊಬ್ಬರದ ಗಾಡಿ ಎಲ್ಲವೂ ಅದರ ಮೇಲೇ ಹೋಗಬೇಕು. ಸಂಜೆ ಮೇಲಿನಮನೆ ಭಾವನ ಜಗಲಿಯಲ್ಲಿ ಊರಿಗೆ ಊರೇ ಸೇರಿತು. ಆಸರಿಗೆ ಕಷಾಯ ಬಂತು, ಕವಳದ ಹರಿವಾಣ ಬಂತು. ಮಾತು ಮೋರಿಯಿಂದಲೇ ಶುರುವಾಯಿತು. ಎರಡನೇ ಕವಳದ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಮುಟ್ಟಿತು.

ನಮ್ಮ ಕಡೆಯ ಜಗಲಿಗಳ ಬಗ್ಗೆ ಗೊತ್ತಿಲ್ಲದವರಿಗೆ ಹೇಳಬೇಕು. ಶಿರಸಿ ಸುತ್ತಿನ ಜಗಲಿ ಅಂದರೆ ಸುಮ್ನೆ ಅಲ್ಲ. ಅಮೆರಿಕದ ಚುನಾವಣೆಗೆ ಪೆನ್ಸಿಲ್ವೇನಿಯಾ ಯಾಕೆ ಮುಖ್ಯ ಅಂತ ಕೆಳಗಿನಮನೆ ಮಾವ ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಲೇ ವಿವರಿಸುತ್ತಾರೆ. ಉಕ್ರೇನಿನ ಯಾವ ಪಟ್ಟಣ ಈ ವಾರ ಯಾರ ಕೈಲಿದೆ ಅಂತ ಭಾವನನ್ನು ಕೇಳಬೇಕು. ಸುಪ್ರೀಂ ಕೋರ್ಟಿನ ತೀರ್ಪು ತಪ್ಪೋ ಸರಿಯೋ ಅನ್ನುವುದನ್ನಂತೂ ತಾಳಮದ್ದಲೆಯ ಅರ್ಥದ ಹಾಗೆ ರಾತ್ರಿ ಒಂದು ಗಂಟೆಯವರೆಗೂ ಎಳೆಯುವವರಿದ್ದಾರೆ.

"ಅದೆಲ್ಲ ಇರಲಿ, ಮೋರಿ ಬಗ್ಗೆ ಯಾರಿಗೆ ಹೇಳುವುದು?" ಅಂತ ನಾನು ಕೇಳಿದೆ.

ಜಗಲಿ ಸುಮ್ಮನಾಯಿತು. ಅಡಕತ್ತರಿಯೂ ನಿಂತಿತು.

"ಸಂಸದರಿಗೆ ಹೇಳಬೇಕು ತಮಾ," ಅಂದರು ಮಾವ.

"ಅವರಿಗೆಲ್ಲಿ ಪುರುಸೊತ್ತು? ಸೀದಾ ಪ್ರಧಾನಿ ಆಫೀಸಿಗೇ ಬರೆದು ಹಾಕುವ," ಅಂದ ಭಾವ.

ಬೆಂಗಳೂರಿನಿಂದ ಬಂದು ಮನೆಯಲ್ಲೇ ಕಂಪ್ಯೂಟರ್ ಕೆಲಸ ಮಾಡುವ ಭಾವನ ಮಗ ಮೊಬೈಲಿನಿಂದ ತಲೆ ಎತ್ತಿದ. "ಈ ತಹಶೀಲ್ದಾರರೇ ಸರಿ ಇಲ್ಲ ಅಪ್ಪಯ್ಯ. ಮುಂದಿನ ಸಲ ಬೇರೆಯವರಿಗೆ ಓಟು ಹಾಕಬೇಕು," ಅಂದ. ಯಾರೂ ನಗಲಿಲ್ಲ. ಇಬ್ಬರು ಹೌದು ಹೌದು ಅಂತ ತಲೆಯನ್ನೂ ಆಡಿಸಿದರು.

ಕಂಬಕ್ಕೆ ಒರಗಿ ಕೂತಿದ್ದ ಹಳೆಮನೆ ಅಣ್ಣ ಎದ್ದು ಹೋಗಿ ಅಂಗಳದ ಬದಿಗೆ ಕವಳ ಉಗಿದು ಬಂದ. ಬಾಯಿ ಒರೆಸಿಕೊಂಡು ಗಂಭೀರವಾಗಿ ಹೇಳಿದ: "ಮೇಲಿನವರ ಗಮನಕ್ಕೆ ತರಬೇಕು. ನಮ್ಮ ಕೈಲಿ ಎಂತ ಇದ್ದು?"

ಈ ಹಳೆಮನೆ ಅಣ್ಣ ನಮ್ಮ ವಾರ್ಡಿನ ಗ್ರಾಮ ಪಂಚಾಯಿತಿ ಸದಸ್ಯ. ಮೋರಿ ಗ್ರಾಮ ಪಂಚಾಯಿತಿಯದ್ದು.

ಮೇಲಿನವರು ಅಂದರೆ ಯಾರು ಅಂತ ಮಾತ್ರ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮಳೆ ಮೇಲಿಂದ ಬರುತ್ತದೆ. ಸರ್ಕಾರವೂ ಹಾಗೇ ಬರುತ್ತದೆ ಅಂತ ಲೆಕ್ಕ.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಮನೆಗೆ ಹೋಗಿ ಮಗಳ ಕಾಲೇಜಿನ ಸಂವಿಧಾನದ ಪುಸ್ತಕ ತಂದು ಜಗಲಿಯಲ್ಲೇ ಓದಿದೆ. 1992ರಲ್ಲಿ 73ನೇ ತಿದ್ದುಪಡಿ ಆಯಿತಲ್ಲ, ಆಗ 11ನೇ ಅನುಸೂಚಿ ಅಂತ ಒಂದು ಸೇರಿತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಅದು. ಅದರಲ್ಲಿ 13ನೇದ್ದು ರಸ್ತೆ, ಮೋರಿ, ಸೇತುವೆ, ದೋಣಿಗಡ. "ನೋಡಿ, ಸಂವಿಧಾನದಲ್ಲೇ ಮೋರಿ ಅಂತ ಇದೆ," ಅಂದೆ. ನನಗೇ ರೋಮಾಂಚನವಾಗಿತ್ತು. ದೇಶದ ಸಂವಿಧಾನದಲ್ಲಿ ಮೋರಿಗೆ ಜಾಗ ಉಂಟು ಅಂದರೆ ಕಡಿಮೆಯಾ?

ಭಾವ ಪುಸ್ತಕ ಇಸಕೊಂಡ. ಕನ್ನಡಕ ಏರಿಸಿ ಎರಡು ಸಲ ಓದಿದ. ಆಮೇಲೆ ತೊಡೆ ತಟ್ಟಿ ಹೇಳಿದ: "ಸಂವಿಧಾನದಲ್ಲೇ ಇದ್ದ ಮೇಲೆ ಕೇಂದ್ರದ್ದೇ ಆಯ್ತಲ್ಲ ಮಾರಾಯ! ನಾ ಹೇಳಿದ್ದೇ ಸರಿ, ದಿಲ್ಲಿಗೇ ಬರೆಯುವ."

ಹಾಗಂತ ನಮ್ಮ ಜನರಿಗೆ ಕೇಳಲು ಬರುವುದಿಲ್ಲ ಅಂತಲ್ಲ. ಜೋರಾಗಿಯೇ ಕೇಳುತ್ತಾರೆ. ವಿಳಾಸ ಮಾತ್ರ ತಪ್ಪು. ಹುಬ್ಬಳ್ಳಿ ಅಂಕೋಲಾ ರೈಲು ಯಾವಾಗ ಅಂತ ಶಾಸಕರನ್ನು ಅಡ್ಡಗಟ್ಟುತ್ತೇವೆ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಯಾವಾಗ ಅಂತ ಸಂಸದರನ್ನು ಹಿಡಿಯುತ್ತೇವೆ. ರೈಲು ಇರುವುದು ಕೇಂದ್ರದ ಪಟ್ಟಿಯಲ್ಲಿ, ಆಸ್ಪತ್ರೆ ಇರುವುದು ರಾಜ್ಯದ ಪಟ್ಟಿಯಲ್ಲಿ. ಇಬ್ಬರೂ ಕೈ ಮುಗಿದು "ಖಂಡಿತ ಪ್ರಯತ್ನ ಮಾಡ್ತೇನೆ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ. ತನ್ನದಲ್ಲದ ಕೆಲಸಕ್ಕೆ ಪ್ರಯತ್ನವಲ್ಲದೆ ಇನ್ನೇನು ಮಾಡಲು ಬರುತ್ತದೆ? ಅಷ್ಟರಲ್ಲಿ ಆಂಬುಲೆನ್ಸು ಎಂದಿನಂತೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಟಿರುತ್ತದೆ.

ಚುನಾವಣೆ ಬಂದರೆ ಇದೇ ಇನ್ನೊಂದು ವೇಷ ಹಾಕಿಕೊಂಡು ಬರುತ್ತದೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯಿತು. ಆ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಊರಿನವರು ಊರಿನವರನ್ನು ಆರಿಸಲಿ ಅಂತ ಇಟ್ಟ ಪದ್ಧತಿ. ನಮ್ಮ ವಾರ್ಡಿನಲ್ಲಿ ಹಳೆಮನೆ ಅಣ್ಣ ಗೆದ್ದದ್ದು ಗಡಿಯ ವಿಷಯದಲ್ಲಿ. ಹೌದು, ದೇಶದ ಗಡಿ. ಎದುರಾಳಿ ದೇಶದ ಬಗ್ಗೆ ಅಷ್ಟು ಗಟ್ಟಿ ಇಲ್ಲ ಅಂತ ಜನ ತೀರ್ಮಾನ ಮಾಡಿದ್ದರು. ಪಾಪದವ, ಅವನು ನಲ್ಲಿ ನೀರಿನ ಬಗ್ಗೆ ಮಾತಾಡಿ ಸೋತ. ಮುಂದೆ ಲೋಕಸಭೆ ಚುನಾವಣೆ ಬಂದಾಗ ಪ್ರಚಾರಕ್ಕೆ ಬಂದ ದೊಡ್ಡವರನ್ನು ನಮ್ಮವರು ಸುತ್ತುಗಟ್ಟಿ ಕೇಳಿದ್ದು ಬೀದಿ ದೀಪ. ಈಗ ಗಡಿ ಕಾಯುವುದು ಪಂಚಾಯಿತಿ ಪಾಲಿಗೆ, ಬಲ್ಬು ಹಾಕುವುದು ಪಾರ್ಲಿಮೆಂಟಿನ ಪಾಲಿಗೆ. ಎರಡೂ ಕಡೆ ಕತ್ತಲೆ.

ಶಾಸಕರ ಕಥೆ ಬೇರೆ. ಶಾಸಕ ಅಂದರೆ ಶಾಸನ ಮಾಡುವವ ಅಂತ ಹೆಸರಿನಲ್ಲೇ ಇದೆ. ನಾವು ಅವರನ್ನು ಅಳೆಯುವುದು ಮದುವೆ, ಮುಂಜಿ, ವೈಕುಂಠ ಸಮಾರಾಧನೆಯ ಹಾಜರಿಯಲ್ಲಿ. ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿರುತ್ತದೆ. ಇಲ್ಲಿ ಯಕ್ಷಗಾನದ ವೇದಿಕೆಯಲ್ಲಿ ಅವರ ಕುರ್ಚಿ ಖಾಲಿ ಇದ್ದರೆ "ಗೆದ್ದ ಮೇಲೆ ಮುಖ ತೋರಿಸುವುದೇ ಇಲ್ಲ" ಅಂತ ಗೊಣಗುತ್ತೇವೆ. ಅವರು ಅಧಿವೇಶನ ಬಿಟ್ಟು ಬಂದು ಶಾಲು ಹೊದೆಸಿಕೊಂಡರೆ "ಎಷ್ಟು ಸರಳ ಮನುಷ್ಯ ನೋಡು" ಅನ್ನುತ್ತೇವೆ. ಅವರೂ ಬುದ್ಧಿವಂತರು. ಯಾವುದಕ್ಕೆ ಮಾರ್ಕು ಜಾಸ್ತಿ ಅಂತ ಬೇಗ ಕಲಿಯುತ್ತಾರೆ.

ಇನ್ನು ಯಾರು ಯಾರಿಗೆ ಓಟು ಹಾಕುತ್ತಾರೆ ಅನ್ನುವುದೇ ನಮ್ಮಲ್ಲಿ ಬಹಳ ಜನಕ್ಕೆ ಸ್ಪಷ್ಟ ಇಲ್ಲ. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಎಷ್ಟು ವಿಧಾನಸಭಾ ಕ್ಷೇತ್ರ ಅಂತ ಜಗಲಿಯಲ್ಲಿ ಕೇಳಿ ನೋಡಿದೆ. ಆರು ಅಂದರು. ಜಿಲ್ಲೆಯೊಳಗಿನದ್ದು ಆರು, ನಿಜ. ಅದಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರಿ ಎಂಟು. "ಎಂತಾ? ನಮ್ಮ ಸಂಸದರನ್ನು ಕಿತ್ತೂರಿನವರೂ ಆರಿಸುತ್ತಾರಾ?" ಅಂತ ಮಾವನಿಗೆ ಸಿಟ್ಟೇ ಬಂತು. ತೋಟದ ಬೇಲಿ ಒತ್ತುವರಿ ಆದ ಹಾಗೆ. ಬನವಾಸಿಯವರು ಶಿರಸಿ ತಾಲೂಕಿನವರು, ಆದರೆ ಓಟು ಹಾಕುವುದು ಯಲ್ಲಾಪುರ ಕ್ಷೇತ್ರಕ್ಕೆ ಅಂದಾಗಲಂತೂ ನಾನು ಸುಳ್ಳು ಹೇಳುತ್ತಿದ್ದೇನೆ ಅಂತಲೇ ಎಲ್ಲರೂ ತೀರ್ಮಾನಿಸಿದರು. ಪೆನ್ಸಿಲ್ವೇನಿಯಾದ ಬಗ್ಗೆ ಹೇಳಿದ್ದರೆ ನಂಬುತ್ತಿದ್ದರೇನೋ.

ಇದೇ ನೆಲದಲ್ಲಿ 1930ರಲ್ಲಿ ಅಂಕೋಲೆಯವರು ಉಪ್ಪಿನ ಸತ್ಯಾಗ್ರಹ ಮಾಡಿದ್ದು. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ಕೂತರು. ಜಮೀನು ಮುಟ್ಟುಗೋಲಾಯಿತು, ಪಾತ್ರೆ ಪಗಡೆ ಹೋಯಿತು, ಆದರೂ ಕೊಡಲಿಲ್ಲ. ಶಾಲೆಯ ಮುಖ ಸರಿಯಾಗಿ ಕಾಣದ ಮಂದಿಗೆ ಯಾವ ಕರ ಯಾರ ಖಜಾನೆಗೆ ಹೋಗುತ್ತದೆ ಅನ್ನುವುದು ಗೊತ್ತಿತ್ತು. ನನ್ನ ಮನೆ ಕರದ ರಶೀದಿ ಎಲ್ಲಿದೆ ಅಂತ ನೀವು ಕೇಳಬೇಡಿ.

ಪಂಚಾಯಿತಿಯಂತೂ ನಮ್ಮ ಜಿಲ್ಲೆಯ ಮಟ್ಟಿಗೆ ಮನೆ ಮಗು ಇದ್ದ ಹಾಗೆ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಸಿದ್ದಾಪುರದ ದೊಡ್ಮನೆಯವರು. ಅವರೂ ಮಂತ್ರಿ ಅಬ್ದುಲ್ ನಜೀರ್ ಸಾಬರೂ ಸೇರಿ ತಂದ ಕಾಯ್ದೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಹುಟ್ಟಿದವು. ದಿಲ್ಲಿಯವರು 73ನೇ ತಿದ್ದುಪಡಿ ಮಾಡಿದ್ದು ಅದಾಗಿ ಐದು ವರ್ಷಕ್ಕೆ. ಹೆಗಡೆಯವರ ಹೆಸರು ಬಂದರೆ ಜಗಲಿಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ. "ನಮ್ಮವರು!" ಅನ್ನುತ್ತಾರೆ. ಏನು ಮಾಡಿದರು ಅಂತ ಕೇಳಿದರೆ ಅವರ ಬಿಳಿ ಗಡ್ಡದ ಬಗ್ಗೆ ಹೇಳುತ್ತಾರೆ.

ಆ ಮಗು ಕಾಣೆಯಾಗಿದ್ದು ಯಾರಿಗೂ ಗೊತ್ತೇ ಆಗಲಿಲ್ಲ ಅನ್ನುವುದೇ ತಮಾಷೆ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಐದು ವರ್ಷದ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. 2022 ಬಂತು, 2023 ಬಂತು, 2024 ಬಂತು, ಚುನಾವಣೆ ಬರಲಿಲ್ಲ. ಕ್ಷೇತ್ರ ಮರುವಿಂಗಡಣೆ ಅಂದರು, ಮೀಸಲಾತಿ ಅಂದರು, ಕೋರ್ಟು ಅಂದರು. ನಡುವೆ ಸರ್ಕಾರವೇ ಬದಲಾಯಿತು. ಮುಂದೆ ಹಾಕುವ ವಿಷಯದಲ್ಲಿ ಮಾತ್ರ ಎರಡೂ ಪಕ್ಷದ್ದು ಒಂದೇ ಮನಸ್ಸು. ಕಾರವಾರದಲ್ಲಿ ಅಧ್ಯಕ್ಷರ ಕುರ್ಚಿ ಖಾಲಿ, ಅಧಿಕಾರಿಗಳ ಕೈಲಿ ಕಡತ.

ಅದೇ ಅವಧಿಯಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ 2022ರಲ್ಲಿ ಆಯಿತು, 2024ರಲ್ಲೂ ಆಯಿತು. ಎರಡು ವರ್ಷಕ್ಕೊಮ್ಮೆ ಅಂದರೆ ಎರಡು ವರ್ಷಕ್ಕೊಮ್ಮೆ. ಮರುವಿಂಗಡಣೆ ಆಗಿಲ್ಲ, ಈ ಸಲ ರಥ ಎಳೆಯುವುದು ಬೇಡ ಅಂತ ಯಾರಾದರೂ ಒಂದು ಮಾತು ಅಂದಿದ್ದರೆ? ದೇವಿಕೆರೆಯಿಂದ ಬಿಡ್ಕಿಬೈಲಿನವರೆಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಳೆ ಪೇಟೆ ಎಲ್ಲಿ, ತೊಟ್ಟಿಲು ಎಲ್ಲಿ, ನಾಟಕದ ಟೆಂಟು ಎಲ್ಲಿ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಜಿಲ್ಲಾ ಪಂಚಾಯಿತಿ ಸದಸ್ಯ ಎಲ್ಲಿ ಅಂತ ಕೇಳಿದರೆ ಮಾವ ಸ್ವಲ್ಪ ಯೋಚಿಸಿ, "ಇದ್ದ ಒಬ್ಬ. ಈಗ ಕಾಣುವುದಿಲ್ಲ. ಹುಷಾರಿಲ್ಲವೇನೋ," ಅಂದರು.

ಇಷ್ಟೆಲ್ಲ ಬರೆದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ.

ಮೋರಿಗೆ ಊರಿನವರೇ ಸೇರಿ ಅಡಿಕೆ ಮರದ ಸಂಕ ಹಾಕಿದೆವು. ಹಳೆಮನೆ ಅಣ್ಣನೇ ಮುಂದೆ ನಿಂತು ಮರ ಕಡಿಸಿದ. ಭಾವನ ಮಗ ಅದರ ಫೋಟೋ ತೆಗೆದು ಪ್ರಧಾನಿ, ಮುಖ್ಯಮಂತ್ರಿ, ರೈಲ್ವೆ ಮಂತ್ರಿ ಮೂವರಿಗೂ ಟ್ಯಾಗ್ ಮಾಡಿದ. ರೈಲ್ವೆ ಯಾಕೆ ಅಂತ ಕೇಳಿದ್ದಕ್ಕೆ "ಅವರು ಬೇಗ ಉತ್ತರ ಕೊಡ್ತಾರೆ" ಅಂದ. ಚೌತಿ ಮುಗಿದ ಮೇಲೆ ನಾನು ಪಂಚಾಯಿತಿ ಆಫೀಸಿಗೆ ಹೋದೆ. ಮೋರಿಯ ದುಡ್ಡು ಏನಾಯಿತು, ಗ್ರಾಮಸಭೆಯಲ್ಲಿ ಈ ವಿಷಯ ಯಾಕೆ ಬರಲಿಲ್ಲ ಅಂತ ಎರಡು ಮಾತು ಗಟ್ಟಿಯಾಗಿಯೇ ಕೇಳಿದೆ. ಸಂವಿಧಾನದ 13ನೇ ವಿಷಯವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಪಿಡಿಒ ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ನಡಾವಳಿ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. ಜೂನ್ ತಿಂಗಳ ಗ್ರಾಮಸಭೆ. ನಾಲ್ಕನೇ ಠರಾವು. ಮೋರಿ ದುರಸ್ತಿಗೆ ಇಟ್ಟಿದ್ದ ಹಣದಲ್ಲಿ ಊರಿನ ತಿರುವಿನ ಹತ್ತಿರ ಸ್ವಾಗತ ಕಮಾನು ಕಟ್ಟಲು ಸಭೆ ಸರ್ವಾನುಮತದಿಂದ ಒಪ್ಪಿದೆ. ಕೆಳಗೆ ಸಾಲಾಗಿ ಸಹಿ. ಭಾವನದ್ದು, ಮಾವನದ್ದು, ಹಳೆಮನೆ ಅಣ್ಣನದ್ದು. ಆಮೇಲೆ ಒಂದು ಸಹಿ, ಅದರ ಪಕ್ಕದಲ್ಲಿ ಒಂದು ನೀಲಿ ಬೆರಳಿನ ಗುರುತು.

ಜೂನಿನಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಅಂಗಳದಲ್ಲಿ ಮೈಲುತುತ್ತ, ಸುಣ್ಣ ಕಲಸುತ್ತಿದ್ದೆ. ಪಂಚಾಯಿತಿ ಹುಡುಗ ಪುಸ್ತಕ ಹಿಡಿದು ಮನೆಗೇ ಬಂದಿದ್ದ. "ಸಭೆಗೆ ಜನ ಆಗಲಿಲ್ಲ ಸರ್, ಸುಮ್ನೆ ಒಂದು ಸಹಿ," ಅಂದಿದ್ದ. ಮನೆಗೇ ಬಂದಿದ್ದಾನಲ್ಲ ಅಂತ ಅವನಿಗೆ ಕಷಾಯ ಬೇರೆ ಕೊಡಿಸಿದ್ದೆ.

"ಇದು ನಿಮ್ಮದೇ ಅಲ್ವಾ ಸರ್?" ಅಂದರು ಮೇಡಂ.

ವಾಪಸು ಬರುವಾಗ ಕಮಾನಿನ ನಡುವೆಯೇ ಬಂದೆ. ಎರಡು ಕಂಬ ಎದ್ದಿವೆ. ಕೆಲಸ ಚೆನ್ನಾಗಿಯೇ ಮಾಡಿಸಿದ್ದಾರೆ. ಸಂಕದ ಆ ತುದಿಯಲ್ಲಿ ಭಾವ ಹಾಲಿನ ಕ್ಯಾನು ಹಿಡಿದು ನಿಂತಿದ್ದ.

"ಎಂತಾತು ಭಾವ? ಎಂತ ಹೇಳಿದರು?"

"ಮೇಲಿನವರಿಗೇ ಹೇಳಬೇಕಂತೆ," ಅಂದೆ.