ಆಳು ಸಿಗಲ್ಲ ಅಂತೀರಿ, ಬಸ್ಸು ಎಲ್ಲಿದೆ?

ಹತ್ತಿ ಬಿಡಿಸೋ ಕಾಲ ಬಂತಂದ್ರೆ ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ರೈತರ ಬಾಯಲ್ಲಿ ಒಂದೇ ಮಾತು: ಆಳು ಸಿಗಲ್ಲ. ಇದು ಕಾಲುವೆ ನೀರು ಹರಿಯೋ ಊರುಗಳ ಕಥೆ. ಅಲ್ಲಿಂದ ಹದಿನೈದಿಪ್ಪತ್ತು ಕಿಲೋಮೀಟರ್ ಆಚೆ, ಮಳೆ ನಂಬಿದ ಊರುಗಳಲ್ಲಿ ಗಂಡಸರು ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರ್ತಾರೆ, ಹೆಣ್ಣುಮಕ್ಕಳು ಕೆಲಸ ಇಲ್ಲದೆ ಮನೆಯಲ್ಲಿರ್ತಾರೆ. ನನ್ನ ಕೇಳಿದರೆ ಇದು ಆಳಿನ ಕೊರತೆ ಅಲ್ಲವೇ ಅಲ್ಲ. ಬೆಳಗ್ಗೆ ಆರೂವರೆಗೆ ಹೊರಡೋ ಬಸ್ಸಿನ ಕೊರತೆ.

ಬಸ್ಸಿಲ್ಲದ ಕಡೆ, ಆಳುಗಳನ್ನ ಹೊಲಕ್ಕೆ ಕರೆದೊಯ್ಯೋ ಮೇಸ್ತ್ರಿಯ ಗಾಡಿ ಬರುತ್ತೆ. ಟಂಟಂ, ಕ್ರೂಸರ್, ಇಲ್ಲಾಂದ್ರೆ ಸಾಮಾನು ಸಾಗಿಸೋ ಟಾಟಾ ಏಸ್. ಬುತ್ತಿಗಂಟು ತೊಡೆ ಮೇಲಿಟ್ಟುಕೊಂಡು, ಒಬ್ಬರಿಗೊಬ್ಬರು ಒತ್ತಿಕೊಂಡು, ಹಿಂದಿನ ಪಟ್ಟಿಯ ಮೇಲೂ ಇಬ್ಬರು ನಿಂತು ಹೋಗ್ತಾರೆ. ಬಾಡಿಗೆ ಯಾರ ಕೈಯಿಂದ? ಕೆಲವು ಕಡೆ ರೈತನೇ ಕೊಡ್ತಾನೆ, ಆದರೆ ಕೂಲಿ ಮಾತಾಡುವಾಗಲೇ ಅದನ್ನ ಲೆಕ್ಕ ಹಿಡಿದಿರ್ತಾನೆ. ಕೆಲವು ಕಡೆ ಮೇಸ್ತ್ರಿ ವಾರದ ಬಟವಾಡೆಯಲ್ಲಿ ಮುರಿದುಕೊಳ್ತಾನೆ. ಹೇಗಾದರೂ ಹೋಗೋದು ಕೂಲಿಯವರ ದುಡ್ಡೇ.

ದುಡ್ಡಿಗಿಂತ ನನಗೆ ಜಾಸ್ತಿ ಸಿಟ್ಟು ಬರೋದು ಇನ್ನೊಂದಕ್ಕೆ. ಯಾವ ಹೊಲಕ್ಕೆ ಹೋಗಬೇಕು, ಸಂಜೆ ಎಷ್ಟೊತ್ತಿಗೆ ಮನೆ ಸೇರಬೇಕು, ಎಲ್ಲ ಗಾಡಿ ಇದ್ದವನದೇ ತೀರ್ಮಾನ. ಇನ್ನೊಂದು ಊರಲ್ಲಿ ಹತ್ತಿಗೆ ಕೆಜಿ ಲೆಕ್ಕದಲ್ಲಿ ಎರಡು ರೂಪಾಯಿ ಜಾಸ್ತಿ ಕೊಡ್ತಾರೆ ಅಂತ ಫೋನಲ್ಲಿ ಗೊತ್ತಾಗುತ್ತೆ, ಆದರೆ ಹೋಗೋಕೆ ದಾರಿ ಇಲ್ಲ. ಹೋಗೋಕೇ ಆಗದವರು ಕೂಲಿ ಚೌಕಾಸಿ ಹೇಗೆ ಮಾಡ್ತಾರೆ ಹೇಳಿ?

ರಸ್ತೆ ಆಗಿಲ್ವಾ ಅಂತ ಕೇಳಬಹುದು. ಆಗಿದೆ. 2000ನೇ ಇಸವಿ ಡಿಸೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲುಸೀಮೆಯಲ್ಲಿ 500 ಜನ ಇರೋ ಊರಿಗೂ ಸರ್ವಋತು ರಸ್ತೆ ಅಂದಿತ್ತು. ಆ ಯೋಜನೆಯ ರಸ್ತೆಗಳ ಮೇಲೆ ಸ್ಯಾಮ್ ಆಶರ್, ಪಾಲ್ ನೊವೊಸಾಡ್ ಅನ್ನೋ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯ್ತು. ರಸ್ತೆ ಬಂದಮೇಲೆ ಹೊಲದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋಗೋರು ಹೆಚ್ಚಾದರು, ಆದರೆ ಬೆಳೆಯಲ್ಲಾಗಲಿ ಆದಾಯದಲ್ಲಾಗಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ನನಗಂತೂ ಆಶ್ಚರ್ಯ ಆಗಲಿಲ್ಲ. ಡಾಂಬರು ಹಾಕಿ ಕೈತೊಳೆದುಕೊಂಡರೆ ಆ ರಸ್ತೆ ಬೈಕ್ ಇದ್ದವರಿಗೆ ಮಾತ್ರ ಉಪಯೋಗ ಅಲ್ವಾ?

ಕೆಲಸಕ್ಕೆ ದೂರ ಹೋಗೋದೂ ಕೂಲಿಯವರಿಗೆ ಹೊರೆ ಅಂತ 2005ರ ಉದ್ಯೋಗ ಖಾತ್ರಿ ಕಾಯ್ದೆ ಮಾಡಿದವರಿಗೆ ಗೊತ್ತಿತ್ತು. ಕೆಲಸ ಮನೆಯಿಂದ 5 ಕಿಲೋಮೀಟರ್ ಒಳಗಿರಬೇಕು, ಅದಕ್ಕಿಂತ ದೂರವಾದರೆ ಕೂಲಿಗೆ 10% ಸೇರಿಸಿ ಕೊಡಬೇಕು ಅಂತ ಬರೆದಿದ್ದರು. ಖಾಸಗಿ ಹೊಲದಲ್ಲಿ ಈ ಮಾತು ಎತ್ತೋರೇ ಇಲ್ಲ.

ಶಕ್ತಿ ಯೋಜನೆಯನ್ನ ನಾನು ಮನಸಾರೆ ಬೆಂಬಲಿಸ್ತೀನಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಆದರೆ ದಿನದ ಮೊದಲ ಬಸ್ಸೇ ಒಂಬತ್ತಕ್ಕೆ ಬರೋ ಊರಲ್ಲಿ, ಬಿಸಿಲೇರೋ ಮುಂಚೆ ಹೊಲದಲ್ಲಿರಬೇಕಾದ ಹೆಂಗಸಿಗೆ ಉಚಿತ ಟಿಕೆಟ್ ಏನು ಮಾಡುತ್ತೆ? ಅವಳು ದುಡ್ಡು ಕೊಟ್ಟು ಟಂಟಂ ಹತ್ತುತ್ತಾಳೆ.

ಮಂಡ್ಯ, ಹಾಸನ, ಕೋಲಾರದ ಕಡೆ ನೋಡಿ. ಡೇರಿಯಲ್ಲಿ ಬೆಳಗ್ಗೆ, ಸಂಜೆ ಹಾಲು ಹಾಕಿಸಿಕೊಳ್ಳೋದು ತಪ್ಪಲ್ಲ. ಹಾಲು ಕೆಡುತ್ತೆ ಅಂತ ಗೊತ್ತಿರೋದಕ್ಕೆ ಹೊತ್ತು ಮೀರದ ಹಾಗೆ ಸಾಗಿಸೋ ಏರ್ಪಾಡು ಮಾಡಿದರು, ಆ ನಂಬಿಕೆ ಮೇಲೇ ಜನ ಎರಡು ಹಸು ಕಟ್ಟಿದರು. ಕೂಲಿಯವರ ಒಂದು ದಿನವೂ ಹಾಗೇ ಕೆಡುತ್ತೆ. ಇವತ್ತು ಹೋಗದಿದ್ದರೆ ಇವತ್ತಿನ ಕೂಲಿ ನಾಳೆ ಸಿಗಲ್ಲ.

ಹೆಚ್ಚೇನೂ ಬೇಡ. ರಾತ್ರಿ ಊರಲ್ಲೇ ತಂಗೋ ವಸ್ತಿ ಬಸ್ಸನ್ನೇ ಬೆಳಗ್ಗೆ ಬೇಗ ಬಿಡಿ. ಕಾಲುವೆ ಊರುಗಳ ಮೇಲೆ ಹಾದು ತಾಲ್ಲೂಕಿಗೆ ಹೋಗಲಿ, ಸಂಜೆ ಐದೂವರೆಗೆ ಅದೇ ದಾರಿಯಲ್ಲಿ ವಾಪಸ್ ಬರಲಿ. ಹತ್ತಿ, ಮೆಣಸಿನಕಾಯಿ ಬಿಡಿಸೋ ನಾಲ್ಕು ತಿಂಗಳಾದರೂ ಸಾಕು. ನಷ್ಟ ಆಗುತ್ತೆ ಅನ್ನೋ ಅಧಿಕಾರಿಗಳು ದಯವಿಟ್ಟು ಒಂದು ದಿನ ಬೆಳಗ್ಗೆ ಆರಕ್ಕೆ ಊರಬಾಗಿಲಲ್ಲಿ ನಿಂತು ಎಷ್ಟು ಟಂಟಂ ತುಂಬಿ ಹೋಗುತ್ತೆ ಅಂತ ಎಣಿಸಲಿ.