ಗೋಕರ್ಣದಲ್ಲಿ ಹಮ್ಮಸ್ ಅರೆಯುವ ಕ್ರಮ

ಗೋಕರ್ಣಕ್ಕೆ ಬಂದ ಮೊದಲ ಪ್ರವಾಸಿ ರಾವಣ. ಲಕ್ಷಣವೆಲ್ಲ ಕೂಡಿ ಬರುತ್ತದೆ ನೋಡಿ. ದೂರದಿಂದ ಬಂದವನು, ಉಳಿಯುವ ಆಲೋಚನೆ ಇರಲಿಲ್ಲ, ಸಂಜೆ ಹೊತ್ತಿಗೆ ಸಮುದ್ರದ ದಂಡೆಗೆ ಇಳಿದ, ಕೈಯಲ್ಲಿದ್ದ ಲಗೇಜನ್ನು ಗುರುತು ಪರಿಚಯವಿಲ್ಲದ ಹುಡುಗನಿಗೆ ಕೊಟ್ಟು ‘ಒಂಚೂರು ಹಿಡ್ಕೋ, ಈಗ ಬಂದೆ’ ಎಂದು ಹೋದ. ಹುಡುಗ ಮೂರು ಸಲ ಕರೆದು ಕೆಳಗಿಟ್ಟುಬಿಟ್ಟ. ವಾಪಸು ಬಂದವನು ಮೊದಲು ಹುಡುಗನ ತಲೆಗೆ ಕುಟ್ಟಿದ, ಆಮೇಲೆ ಲಿಂಗವನ್ನು ಎಳೆದ, ಬರಲಿಲ್ಲವೆಂದು ಸಿಟ್ಟಿನಲ್ಲಿ ಪ್ಯಾಕಿಂಗನ್ನು ದಿಕ್ಕಾಪಾಲು ಎಸೆದ. ಸಂಪುಟ ಸಜ್ಜೇಶ್ವರಕ್ಕೆ ಹೋಯಿತು, ಮುಚ್ಚಳ ಗುಣವಂತೆಗೆ, ದಾರ ಧಾರೇಶ್ವರಕ್ಕೆ, ಸುತ್ತಿದ್ದ ಬಟ್ಟೆ ಮುರ್ಡೇಶ್ವರಕ್ಕೆ. ಅವನು ಎಸೆದದ್ದು ಬಿದ್ದಲ್ಲೆಲ್ಲ ಕ್ಷೇತ್ರವಾಯಿತು. ಈಗ ಎಸೆಯುವ ಚಿಪ್ಸ್ ಪೊಟ್ಟಣಕ್ಕೆ ಆ ಯೋಗವಿಲ್ಲ.

ರಾವಣನ ನಂತರ ಬಹಳ ಕಾಲ ಇಲ್ಲಿಗೆ ಬಂದವರು ಕೋಟಿತೀರ್ಥದಲ್ಲಿ ಮಿಂದು, ಪಿತೃಕಾರ್ಯ ಮುಗಿಸಿ, ಆತ್ಮಲಿಂಗ ಮುಟ್ಟಿ, ಊಟ ಮಾಡಿ ಹೋಗುವವರು. ಸಮುದ್ರ ಇದ್ದದ್ದು ಸ್ನಾನಕ್ಕೆ ಮತ್ತು ಮೀನಿಗೆ. ಅದರ ಎದುರು ಸುಮ್ಮನೆ ಕೂರುವುದೂ ಒಂದು ಕೆಲಸ ಎಂದು ಊರಿಗೆ ತೋರಿಸಿಕೊಟ್ಟವರು ಗೋವಾದಲ್ಲಿ ಗದ್ದಲ ಜಾಸ್ತಿಯಾಯಿತೆಂದು ದಕ್ಷಿಣಕ್ಕೆ ಸರಿದ ಫಾರಿನ್‌ನವರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಅವರ ದಾರಿ ಇನ್ನೂ ಸಲೀಸಾಯಿತು. ಗುಡ್ಡ ಹತ್ತಿ ಇಳಿದರೆ ಕುಡ್ಲೆ ಬೀಚು, ಮತ್ತೊಂದು ಗುಡ್ಡ ದಾಟಿದರೆ ಓಂ, ಆಚೆಗೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಅವರಿಗೆ ಬೇಕಾದದ್ದು ಇಷ್ಟೇ: ಒಂದು ಗುಡಿಸಲು, ಒಂದು ಹಗ್ಗದ ಜೋಲಿ, ಆಗಾಗ ಚಹಾ, ಮತ್ತು ಬೆಳಿಗ್ಗೆ ಏಳು ಎಂದು ಯಾರೂ ಹೇಳಬಾರದು.

ಆ ಗುಡಿಸಲಿನಷ್ಟು ತಲೆ ಉಪಯೋಗಿಸಿ ಕಟ್ಟಿದ್ದು ಆಮೇಲೆ ಈ ದಂಡೆಯಲ್ಲಿ ಏನೂ ಬಂದಿಲ್ಲ. ಗಾಳಿ ಮರದ ಆರೆಂಟು ಕಂಬ, ಅಡಿಕೆ ದಬ್ಬೆಯ ಅಡ್ಡಪಟ್ಟಿ, ಮೇಲೆ ಹೆಣೆದ ತೆಂಗಿನ ಮಡಲು, ಕೆಳಗೆ ಸಗಣಿ ಸಾರಿಸಿದ ನೆಲ. ಮಡಲನ್ನು ಕೆಲವು ದಿನ ನೀರಲ್ಲಿ ನೆನೆಸಿ, ನಡುವೆ ಸೀಳಿ, ಆಮೇಲೆ ಹೆಣೆಯಬೇಕು. ಒಣಗಿದ್ದನ್ನು ಹೆಣೆಯಲು ಹೋದರೆ ಗರಿ ಮುರಿಯುತ್ತದೆ. ಮಾಡಿನ ಕೆಳಸಾಲಿನಿಂದ ಶುರುಮಾಡಿ ಒಂದರ ಮೇಲೊಂದು ಅರ್ಧ ಬರುವಂತೆ ಮೇಲಕ್ಕೆ ಹೊದೆಸಬೇಕು. ಮೇಲಿನಿಂದ ಶುರುಮಾಡಿದವರ ಗುಡಿಸಲಲ್ಲಿ ಮೊದಲ ಮಳೆಗೆ ಹಾಸಿಗೆಯೇ ಕೋಟಿತೀರ್ಥ. ಮೇ ಕೊನೆಗೆ ಎಲ್ಲ ಬಿಚ್ಚಿ ಗುಡ್ಡದ ಮೇಲೆ ಕಟ್ಟಿಡುವುದು, ಮಳೆ ಹಿಂದೆ ಸರಿದ ಮೇಲೆ ಮತ್ತೆ ಕಟ್ಟುವುದು. ಸಮುದ್ರ ಮಳೆಗಾಲದಲ್ಲಿ ತನ್ನ ಜಾಗ ತಾನು ತೆಗೆದುಕೊಳ್ಳುತ್ತಿತ್ತು, ಯಾರ ತಕರಾರೂ ಇರಲಿಲ್ಲ.

ಸಮುದ್ರದ ಭರತ, ಅಂದರೆ ಉಬ್ಬರ, ಮುಟ್ಟುವ ಗೆರೆಯ ಹತ್ತಿರ ಪಕ್ಕಾ ಕಟ್ಟಡ ಕೂಡದು ಎಂಬ ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದಲೂ ಇದೆ. ಆದರೆ ‘ತಾತ್ಕಾಲಿಕ’ ಅನ್ನುವುದಕ್ಕೆ ನಮ್ಮಲ್ಲಿ ಅಳತೆಗೋಲು ಇಲ್ಲವಲ್ಲ. ಚಿರೆಕಲ್ಲಿನ ಗೋಡೆ, ಸಿಮೆಂಟಿನ ನೆಲ, ಒಳಗೆ ಕಮೋಡು, ಹೊರಗೆ ಎ.ಸಿ.ಯ ಡಬ್ಬ, ಇಷ್ಟನ್ನೂ ಮಾಡಿ ಮೇಲೆ ನಾಲ್ಕು ಮಡಲು ಹೊದೆಸಿದರೆ ಅದು ಗುಡಿಸಲೇ.

ಇನ್ನು ಹಮ್ಮಸ್, ಅಂದರೆ ಕಾಬೂಲಿ ಕಡಲೆ, ಎಳ್ಳು ಅರೆದು ಮಾಡುವ ಚಟ್ನಿಯಂಥದ್ದು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಊರೂರು ತಿರುಗಲು ಹೊರಟ ಇಸ್ರೇಲಿನ ಹುಡುಗ ಹುಡುಗಿಯರು ಬಂದಾಗ ಅವರ ಅಡುಗೆಯೂ ಬಂತು. ಶಕ್ಷುಕಾ ಸುಲಭ. ಟೊಮೆಟೊ ಗೊಜ್ಜಿಗೆ ಮೊಟ್ಟೆ ಒಡೆದು ಹಾಕಿ ಮುಚ್ಚಿಡುವುದು ಯಾವ ಊರಿನವರಿಗೂ ಬರುತ್ತದೆ. ಹಮ್ಮಸ್ ಹಾಗಲ್ಲ. ಒಂದು ಲೋಟ ಕಾಬೂಲಿ ಕಡಲೆಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಬೇಕು. ಬೆಳಿಗ್ಗೆ ಆ ನೀರು ಚೆಲ್ಲಿ, ಬೇರೆ ನೀರು ಹಾಕಿ, ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಾಗುವ ತನಕ ಬೇಯಿಸಬೇಕು. ಅರ್ಧ ಲೋಟ ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು, ಕೆಂಪಾಗಲು ಬಿಡಬಾರದು. ಚೂರು ಎಣ್ಣೆಯೊಂದಿಗೆ ಅದನ್ನು ಸುರಿಯುವ ಹದಕ್ಕೆ ಅರೆದು, ಎರಡು ಎಸಳು ಬೆಳ್ಳುಳ್ಳಿ, ಒಂದು ಲಿಂಬೆಯ ರಸ, ಉಪ್ಪು, ಆಮೇಲೆ ಕಡಲೆ. ಮಿಕ್ಸಿ ತಿರುಗುತ್ತಿರುವಾಗಲೇ ಎರಡು ಮೂರು ಚಮಚ ಐಸಿನ ನೀರು. ಆ ತಣ್ಣೀರಿಗೆ ಅದು ಬೆಳ್ಳಗೆ ಹಗುರವಾಗುತ್ತದೆ.

ತಪ್ಪುವುದು ಎಲ್ಲಿ? ಮೊದಲನೆಯದಾಗಿ, ಮನೆಯಲ್ಲಿರುವುದು ತರ್ಪಣದ ಕರಿ ಎಳ್ಳು. ಅದನ್ನೇ ಹಾಕಿದರೆ ಬಣ್ಣ ಬೂದಿ, ರುಚಿ ಕಹಿ. ಎರಡನೆಯದು, ಕೈ ಸುಮ್ಮನಿರುವುದಿಲ್ಲ. ಅರೆದು ಇಟ್ಟ ಯಾವುದನ್ನು ಕಂಡರೂ ನಮ್ಮವರ ಕೈ ಸಾಸಿವೆ ಡಬ್ಬಕ್ಕೆ ಹೋಗುತ್ತದೆ. ಇಂಗು, ಒಣಮೆಣಸು, ಕರಿಬೇವಿನ ಒಗ್ಗರಣೆ ಬಿದ್ದ ಹಮ್ಮಸ್ ಕೂಡ ಈ ದಂಡೆಯಲ್ಲಿ ಆಗಿಹೋಗಿದೆ. ಮೂರನೆಯದು ಬೆಲೆ. ಪೇಟೆಗೆ ಬುಟ್ಟಿ ಹೊತ್ತು ತರಕಾರಿ ಮಾರಲು ಬರುವ ಹಾಲಕ್ಕಿ ಸಮುದಾಯದ ಅಜ್ಜಿಯ ಮುಂದೆ ಅದರ ದರ ಹೇಳಿ ನೋಡಿ. “ಕಡ್ಲೆ ಚಟ್ನಿಗೆ ಅಷ್ಟು ದುಡ್ಡಾ?” ಎಂದು ಕೇಳಿ, ಹರಿವೆ ಕಟ್ಟಿಗೆ ಚೌಕಾಸಿ ಮಾಡುವವರನ್ನು ಆಮೇಲೆ ಬೇರೆ ಕಣ್ಣಿನಿಂದ ನೋಡುತ್ತಾಳೆ.

ತಮಾಷೆಯೆಂದರೆ, ಈಗ ಹಮ್ಮಸ್ ಕೇಳುವವರು ಬೆಂಗಳೂರು, ಹುಬ್ಬಳ್ಳಿ, ಪುಣೆಯವರು. ‘ಒರಿಜಿನಲ್ ಇಸ್ರೇಲಿ ಸ್ಟೈಲ್ ಇರ್ಬೇಕು, ಸ್ವಲ್ಪ ಖಾರ ಜಾಸ್ತಿ, ಮೇಲೆ ಚೀಸ್’ ಎನ್ನುತ್ತಾರೆ. ಅರೆದು ಕೊಡುವವನು ನೇಪಾಳದ ಹುಡುಗ. ವರ್ಷ ವರ್ಷ ಬಂದು ಆರು ತಿಂಗಳು ಕೂರುವ ಹಳೇ ಫಾರಿನ್ ಗಿರಾಕಿಯೋ, ಪೇಟೆಯ ಸಣ್ಣ ಹೋಟೆಲಿನ ಮೂಲೆಯ ಬೆಂಚಿನಲ್ಲಿ ಬನ್ಸ್ ತಿಂದು ಕಷಾಯ ಕುಡಿಯುತ್ತಿರುತ್ತಾನೆ. ಬನ್ಸು ತಣ್ಣಗಿದ್ದರೆ ವಾಪಸು ಕಳಿಸುವಷ್ಟು ಊರಿನವನಾಗಿದ್ದಾನೆ.

ಅವನನ್ನು ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡವರಿಗೆ ಫಾರಂ ಸಿ ಎಂದು ಎಲ್ಲರೂ ಕರೆದುಕೊಂಡು ಬಂದ ವ್ರತ ಇದೆ. ವಿದೇಶಿಯರು ಉಳಿದುಕೊಂಡರೆ, ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟು, ವೀಸಾ ವಿವರಗಳನ್ನು ಆನ್‌ಲೈನಿನಲ್ಲಿ ತುಂಬಿ ಕಳಿಸಬೇಕು. ಲಾಡ್ಜಿಗೂ ಅದೇ, ಒಂದೇ ಕೋಣೆ ಬಾಡಿಗೆಗೆ ಕೊಟ್ಟವರಿಗೂ ಅದೇ. ಪಾಸ್‌ಪೋರ್ಟಿನ ಸೊನ್ನೆ ಮತ್ತು ‘ಓ’ ಅಕ್ಷರ ಒಂದೇ ಥರ ಕಾಣುತ್ತವೆ, ಅಲ್ಲಿ ಮೊದಲ ಎಡವಟ್ಟು. ವೀಸಾ ಕೊಟ್ಟ ತಾರೀಖು, ಮುಗಿಯುವ ತಾರೀಖು, ಭಾರತಕ್ಕೆ ಇಳಿದ ತಾರೀಖು ಮೂರೂ ಬೇರೆ ಬೇರೆ ಎಂದು ತಿಳಿಯುವುದು ಎರಡನೆಯದು. ಕೊನೆಗೆ ಬರುವ ಪ್ರಶ್ನೆ: ಇಲ್ಲಿಂದ ಮುಂದೆ ಎಲ್ಲಿಗೆ? ಮಧ್ಯಾಹ್ನದ ಊಟ ಎಲ್ಲಿ ಎಂದೇ ಗೊತ್ತಿಲ್ಲದ ಮನುಷ್ಯನ ಹತ್ತಿರ ಅದನ್ನು ಕೇಳಬೇಕು. ಅವನು ಸಮುದ್ರದ ಕಡೆ ಕೈ ತೋರಿಸುತ್ತಾನೆ. ಆ ಕಡೆ ಯೆಮೆನ್. ಹಾಗಾಗಿ ಎಲ್ಲರೂ ‘ಗೋವಾ’ ಎಂದು ತುಂಬಿ ಮುಗಿಸುತ್ತಾರೆ.

ಫಾರಿನ್‌ನವರು ಬಂದು ಊರು ಕೆಟ್ಟಿತು ಎನ್ನುವುದು ಹಳೇ ದೂರು. ನ್ಯಾಯವಾಗಿ ಹೇಳಬೇಕೆಂದರೆ ಅವರು ಕೆಡಿಸಿದ್ದು ಹೆಚ್ಚೆಂದರೆ ಮೆನು ಕಾರ್ಡು. ರಥಬೀದಿಯ ಅಂಗಡಿಗಳಲ್ಲಿ ಕುಂಕುಮದ ಪಕ್ಕ ಅಲ್ಲಾದೀನನ ಪ್ಯಾಂಟು ನೇತಾಡಿದ್ದೂ ಅವರಿಂದಲೇ, ಒಪ್ಪೋಣ. ಬಾವಿ ಕೆಡಿಸಿದ ಲೆಕ್ಕ ಮಾತ್ರ ಶನಿವಾರ ಬಂದು ಭಾನುವಾರ ಹೋಗುವ ನಮ್ಮ ತಲೆಗೇ ಬರುತ್ತದೆ. ಆರು ತಿಂಗಳು ಇರುವವನು ದಿನಕ್ಕೆ ಎರಡು ಬಕೆಟ್ ನೀರಲ್ಲಿ ಮುಗಿಸುತ್ತಿದ್ದ. ಎಷ್ಟೋ ಸಲ ಸ್ನಾನವನ್ನೇ ಮರೆಯುತ್ತಿದ್ದ. ವೀಕೆಂಡಿನ ಕುಟುಂಬ ಒಂದು ದಿನದಲ್ಲಿ ಮೂರು ಸಲ ಮರಳು ತೊಳೆದುಕೊಳ್ಳುತ್ತದೆ, ಜೊತೆಗೆ ಮಕ್ಕಳ ಬಕೆಟ್ಟು ಸಲಿಕೆಯನ್ನೂ ತೊಳೆಯುತ್ತದೆ.

ದಂಡೆಯ ಮರಳಿನಡಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ, ಹಗುರವಾದ್ದರಿಂದ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿರುವ ಸಿಹಿನೀರು ಉಪ್ಪುನೀರನ್ನು ಸುಮಾರು 40 ಅಡಿ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಪಂಪು ಹಾಕಿ ಮೇಲಿನ ಆ ಒಂದು ಅಡಿ ಎಳೆದರೆ, ಕೆಳಗಿನ ಉಪ್ಪುನೀರು ಆ 40 ಅಡಿ ಮೆಲ್ಲಗೆ ಮೇಲೇಳಲು ಹೊರಡುತ್ತದೆ. ಹಗ್ಗ ರಾಟೆಯಲ್ಲಿ ಸೇದುತ್ತಿದ್ದಾಗ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಕೊಡ ತುಂಬುವ ಹೊತ್ತಿಗೆ ಕೈ ಸೋಲುತ್ತಿತ್ತು, ಬಾವಿ ಉಳಿಯುತ್ತಿತ್ತು. ಮೋಟಾರಿಗೆ ಕೈ ನೋವು ಬರುವುದಿಲ್ಲ.

ಬಾವಿ ಉಪ್ಪಾದದ್ದು ನಾಲಿಗೆಗೆ ಮಾತ್ರವಲ್ಲ, ಸಾಬೂನಿಗೂ ಗೊತ್ತಾಗುತ್ತದೆ: ನೊರೆ ಬರುವುದಿಲ್ಲ. ಆಮೇಲೆ ಬೇಳೆಗೆ. ಸಮುದ್ರದ ನೀರಿನ ಸುಣ್ಣ, ಮೆಗ್ನೀಸಿಯಂ ಸೇರಿಕೊಂಡರೆ ಬೇಳೆಕಾಳು ಬೇಯುವುದಕ್ಕೆ ಹಟ ಮಾಡುತ್ತವೆ. ಬೆಳಗಿನಿಂದ ಕುಕ್ಕರು ಕೂಗಿದರೂ ಕಾಬೂಲಿ ಕಡಲೆ ಗೋಲಿಯಂತೆ ಉರುಳುತ್ತಿರುತ್ತದೆ, ಹಮ್ಮಸ್ಸು ತರಿತರಿ. ಗಿರಾಕಿ ‘ರಸ್ಟಿಕ್ ಆಗಿದೆ’ ಎಂದು ಮೆಚ್ಚಿ ಫೋಟೋ ತೆಗೆಯುತ್ತಾನೆ, ಬಚಾವು. ಎ.ಸಿ. ಹಾಗೆ ಮೆಚ್ಚಿಕೊಳ್ಳುವ ಪೈಕಿ ಅಲ್ಲ. ಉಪ್ಪುಗಾಳಿಗೆ ಹೊರಗಿನ ಯೂನಿಟ್ಟಿನ ತಾಮ್ರದ ಕೊಳವೆ ಮತ್ತು ಅಲ್ಯುಮಿನಿಯಂ ಪದರಗಳ ನಡುವೆ ಸಣ್ಣ ಬ್ಯಾಟರಿಯೇ ಏರ್ಪಟ್ಟು, ಪದರಗಳು ಬಿಳಿ ಪುಡಿಯಾಗಿ ಉದುರುತ್ತವೆ. ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ ಎನ್ನುತ್ತಾನೆ ಮೆಕ್ಯಾನಿಕ್. ಸಿಹಿನೀರು ಎಲ್ಲಿದೆ? ಬಾವಿನೀರಲ್ಲೇ ತೊಳೆದರೆ ಇನ್ನೂ ಬೇಗ ಹೋಗುತ್ತದೆ. ಕೊನೆಗೆ ಟ್ಯಾಂಕರ್ ತರಿಸಿ, ಮನುಷ್ಯರಿಗಿಂತ ಮುಂಚೆ ಎ.ಸಿ.ಗೆ ಸ್ನಾನ.

ಬಾಡಿಗೆ ಸ್ಕೂಟರಿನ ಕಥೆ ಇದಕ್ಕಿಂತ ಚಿಕ್ಕದು. ಕಪ್ಪು ಫಲಕದ ಮೇಲೆ ಹಳದಿ ನಂಬರ್ ಇರುವುದನ್ನೇ ತೆಗೆದುಕೊಳ್ಳಬೇಕು, ಬಿಳಿ ಫಲಕದ್ದಾದರೆ ದಂಡ ಕಟ್ಟುವಾಗ ಮಾಲೀಕ ಫೋನು ಎತ್ತುವುದಿಲ್ಲ. ತೆಗೆದುಕೊಂಡವರು ನೇರ ದೊಡ್ಡ ದಂಡೆಯ ಮರಳಿಗೆ ಇಳಿಸುತ್ತಾರೆ. ಎಕ್ಸಲರೇಟರ್ ತಿರುವಿದಷ್ಟೂ ಹಿಂದಿನ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಬಲೆ ಬಿಡಿಸುತ್ತಾ ಕೂತ ಮೀನುಗಾರರು ಸ್ವಲ್ಪ ಹೊತ್ತು ಮಜಾ ನೋಡಿ, ಆಮೇಲೆ ಹೇಳುತ್ತಾರೆ: “ಎಳೀಬೇಡ ತಮ್ಮಾ, ಮಗ್ಗುಲಿಗೆ ಮಲಗ್ಸು.” ಅದೇ ಸರಿ. ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಅಡ್ಡ ಮಲಗಿಸಿ, ಗುಂಡಿಗೆ ಮರಳು ತುಂಬಿ ತುಳಿದು, ಎತ್ತಿ ನಿಲ್ಲಿಸಿ, ಇಳಿದು ನಡೆಯುತ್ತಾ ಸಣ್ಣಗೆ ಆಕ್ಸಲರೇಟರ್ ಕೊಟ್ಟು ತಳ್ಳಬೇಕು.

ಅವಸರ ಯಾಕೆಂದರೆ ಭರತ ಕಾಯುವುದಿಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ. ನಿನ್ನೆಗಿಂತ ಇವತ್ತು ಸುಮಾರು 50 ನಿಮಿಷ ತಡ. ‘ನಿನ್ನೆ ಇಷ್ಟೊತ್ತಿಗೆ ಇಲ್ಲಿ ನೀರೇ ಇರ್ಲಿಲ್ಲ’ ಎಂಬ ಮಾತು ಎರಡು ದಿನಕ್ಕೆ ಸರಿ, ವಾರದ ಮೇಲೆ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇನ್ನೂ ಮೇಲೆ ಬರುತ್ತದೆ. ಶಿವರಾತ್ರಿ ಬರುವುದು ಅಮಾವಾಸ್ಯೆಯ ಮುನ್ನಾದಿನದ ಚತುರ್ದಶಿ. ಅಂದರೆ ಊರಲ್ಲಿ ಜನ ಅತಿ ಹೆಚ್ಚು ಇರುವ ಹೊತ್ತಿಗೆ ಸರಿಯಾಗಿ ಭರತದಲ್ಲಿ ದಂಡೆ ಅಗಲ ಕಳೆದುಕೊಳ್ಳುತ್ತದೆ. ಪಂಚಾಂಗದವರನ್ನು ಕೇಳದೆ ಚಾಪೆ ಹಾಸಿದವರು ಚಪ್ಪಲಿ ಹುಡುಕುತ್ತಾ ಪಕ್ಕದೂರು ತದಡಿಯ ಕಡೆಗೆ ಹೊರಡುತ್ತಾರೆ.

ನೀರಿಗಿಳಿಯುವವರಿಗೆ ಒಂದೇ ಮಾತು, ಇದರಲ್ಲಿ ತಮಾಷೆಯಿಲ್ಲ. ಎರಡೂ ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಅದು ಮಕ್ಕಳಿಗೆ ಒಳ್ಳೆಯ ಜಾಗ ಅಲ್ಲ, ದಂಡೆಗೆ ಬಂದ ನೀರು ಒಳಕ್ಕೆ ವಾಪಸಾಗುವ ದಾರಿ. ಎಳೆದುಕೊಂಡರೆ ದಂಡೆಯ ಕಡೆಗೇ ಈಜಿ ದಣಿಯಬೇಡಿ. ದಂಡೆಗೆ ಸಮಾನಾಂತರವಾಗಿ ಈಜಿ ಆ ಪಟ್ಟಿಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ತಿರುಗಿ. ಗಾರ್ಡು ಸೀಟಿ ಊದಿದರೆ ಅದು ಬೇರೆಯವರಿಗೆ ಎಂದು ಎಲ್ಲರೂ ತಿಳಿಯುತ್ತಾರೆ.

ಒದ್ದೆ ಬರ್ಮುಡಾದಲ್ಲೇ ದೇವಸ್ಥಾನದ ಬಾಗಿಲಿಗೆ ಹೋದರೆ ಒಳಗೆ ಬಿಡುವುದಿಲ್ಲ. ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು. ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿಯದೇ ಕೇಳಿ, ಮಿರಿಮಿರಿ ಪಾಲಿಯೆಸ್ಟರ್ ಸೊಂಟದಲ್ಲಿ ನಿಲ್ಲುವ ಜಾತಿಯಲ್ಲ. ಅದನ್ನು ಉಟ್ಟವರು ಆತ್ಮಲಿಂಗ ಮುಟ್ಟಲು ಬಗ್ಗುವಾಗ ಒಂದು ಕೈ ಭಕ್ತಿಗೆ, ಇನ್ನೊಂದು ಕೈ ಗಂಟಿಗೆ.

ಮೊದಲು ಹೀಗಿರಲಿಲ್ಲ ಎಂದು ಈ ಊರಲ್ಲಿ ಎಲ್ಲರೂ ಹೇಳುತ್ತಾರೆ. ಜೋಲಿಯವನ ಪ್ರಕಾರ ರಸ್ತೆ ಬಂದ ಮೇಲೆ ಹಾಳು, ರಸ್ತೆಯಲ್ಲಿ ಬಂದವನ ಪ್ರಕಾರ ರೀಲ್ಸ್ ಬಂದ ಮೇಲೆ. ತರಕಾರಿ ಗದ್ದೆ ಮಾರಿದವರು ಮಾರಿದ್ದರ ಎದುರಿಗೇ ಕೂತು ಅದನ್ನೇ ಹೇಳುತ್ತಾ ಮಹಡಿಗೆ ಇನ್ನೆರಡು ಕೋಣೆಯ ಅಂದಾಜು ಹಾಕಿಸುತ್ತಿರುತ್ತಾರೆ.

ಭಾನುವಾರ ರಾತ್ರಿ ಸ್ಲೀಪರ್ ಬಸ್ಸು ಹತ್ತುವವರಿಗೆ ಕೊನೆಯ ಕೆಲಸ ಮರಳು ಬಿಡಿಸುವುದು. ಕಾಲು ಪೂರ್ತಿ ಒಣಗಲು ಬಿಟ್ಟು, ಪೌಡರ್ ಉದುರಿಸಿ ಉಜ್ಜಿದರೆ ಮರಳು ತಾನೇ ಬೀಳುತ್ತದೆ. ಒದ್ದೆ ಕಾಲಿಗೆ ಪೌಡರ್ ಹಾಕಿದರೆ ಗಾರೆ ಕಲಸಿದ ಹಾಗೆ. ಇದನ್ನು ಹೇಳಿದರೂ ಮಾಡುವವರು ಕಡಿಮೆ. ಆದ್ದರಿಂದ ಟಿಕೆಟ್ ಮಾಡಿಸುವಾಗ ಮೇಲಿನ ಬರ್ತನ್ನೇ ಕೇಳಿ. ಕೆಳಗೆ ಮಲಗಿದವರ ಮುಖಕ್ಕೆ ತುಮಕೂರು ದಾಟುವವರೆಗೂ ಮೇಲಿನವರ ಕುಡ್ಲೆ ಬೀಚು ಉದುರುತ್ತಿರುತ್ತದೆ.