ಸ್ಪಷ್ಟನೆ: ವಾಯುಭಾರ ಕುಸಿತ ಮತ್ತು ಮೀನಿನ ಗಾಳಿಚೀಲ

‘ವಾಯುಭಾರ ಕುಸಿದರೆ ಮೀನಿನ ಗಾಳಿಚೀಲ ಉಬ್ಬಿ ನೋವಾಗುತ್ತದೆ, ಅದು ಎರೆ ಮುಟ್ಟುವುದಿಲ್ಲ, ಫೋನಿನಲ್ಲಿ ಅಂಕಿ ನೋಡಿಯೇ ಗಾಳ ಹಾಕಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಮುಂದಕ್ಕೆ ಕಳುಹಿಸಿದ್ದೆ. ಅದರಲ್ಲಿ ಕೊಟ್ಟಿರುವ ಕಾರಣ ಸರಿಯಲ್ಲ. (ಗಾಳಿಚೀಲವೆಂದರೆ ಮೀನು ನೀರಿನಲ್ಲಿ ತೇಲಲು ನೆರವಾಗುವ, ಅದರ ಹೊಟ್ಟೆಯೊಳಗಿನ ಗಾಳಿ ತುಂಬಿದ ಚೀಲ.)

ನೀರಿನಲ್ಲಿ ಒಂದು ಸೆಂಟಿಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 1 ಹೆಕ್ಟೊಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ಹೆಚ್ಚುತ್ತದೆ. ಹವೆ ಕೆಟ್ಟು ವಾಯುಭಾರ 10 ಹೆಕ್ಟೊಪ್ಯಾಸ್ಕಲ್ ಇಳಿಯಿತೆಂದೇ ಇಟ್ಟುಕೊಳ್ಳೋಣ; ಮೀನು ಒಂದು ಗೇಣಿಗಿಂತಲೂ ಕಡಿಮೆ ಮೇಲೇರಿದಾಗ ಆಗುವ ವ್ಯತ್ಯಾಸಕ್ಕೆ ಅದು ಸಮ. ಎರೆಹುಳುವಿನ ಆಸೆಗೆ ತಳದಿಂದ ಒಂದು ಮೀಟರ್ ಮೇಲೆ ಬರುವ ಗೆಂಡೆ ಮೀನು ಅದರ ಹತ್ತು ಪಟ್ಟು ಬದಲಾವಣೆಯನ್ನು ತಾಳಿಕೊಂಡೇ ಬರುತ್ತದೆ. ಮೇಲಾಗಿ, ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಬೆಳಿಗ್ಗೆ 10ರ ಸುಮಾರಿಗೆ ಏರಿದ ವಾಯುಭಾರ ಸಂಜೆ 4ರ ಹೊತ್ತಿಗೆ 3-4 ಹೆಕ್ಟೊಪ್ಯಾಸ್ಕಲ್ ಇಳಿಯುವುದು ನಿತ್ಯದ ಸಂಗತಿ. ಫೋನು ತೋರಿಸುವ ‘ಕುಸಿತ’ ಬಹುಪಾಲು ಇದೇ.

ಮಳೆಗೆ ಮುನ್ನ ಮೀನು ಚುರುಕಾಗುವುದನ್ನು ಕಂಡವರ ಅನುಭವವನ್ನು ಸುಳ್ಳೆನ್ನುತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಮೋಡದ ಮಬ್ಬು, ಗಾಳಿಗೆ ಕದಡುವ ನೀರು, ನೀರಿನ ಉಷ್ಣತೆ ಎಲ್ಲವೂ ಒಟ್ಟಿಗೆ ಬದಲಾಗುತ್ತಿರುತ್ತವೆ. ಕಡಲಿಗಿಳಿಯುವವರಂತೂ ವಾಯುಭಾರ ಕುಸಿತವನ್ನು ಮೀನಿನ ಲೆಕ್ಕಕ್ಕೆ ಹಿಡಿಯದೆ, ಹವಾಮಾನ ಇಲಾಖೆಯ ಎಚ್ಚರಿಕೆಯನ್ನೇ ನೋಡಬೇಕು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ. ನನ್ನಿಂದ ಪಡೆದವರು ಅಳಿಸಿಬಿಡಿ.